ಜಲಕಂಟಕನ ಕಂಬಳಿ

“ತೂಬಿನ ಹತ್ರ ಇದ್ಯೋ, ದಾಟಿನ ಹತ್ರ ಇದ್ಯೋ? ಒಂದು ಹೇಳು ಇಮಾಮಸಾಬ್. ಎರಡೂ ಕಡಿ ಇರಾಕ ನೀನೇನು ದೇವರಲ್ಲ.”

ಸಿರುಗುಪ್ಪ ಠಾಣೆಯ ಲಾಕಪ್ಪಿನೊಳಗೆ ಗೋಡೆಗೆ ಒರಗಿದ್ದ ಮುದುಕ ತಲೆ ಎತ್ತಲಿಲ್ಲ. ಕಂಬಿಗಳ ಈಚೆ ಬರಿ ನೆಲದ ಮೇಲೆ ಕುಳಿತಿದ್ದವನು ಬಳ್ಳಾರಿಯ ಹೆಡ್ ಕಾನ್‌ಸ್ಟೇಬಲ್ ದುರುಗಣ್ಣ. ಮೈಮೇಲೆ ಖಾಕಿ ಇರಲಿಲ್ಲ. ಸತ್ತವಳು ಅವನ ಮಗಳು ಜಂಬಮ್ಮ. ಮಗಳ ಕೇಸನ್ನು ಅಪ್ಪನ ಕೈಗೆ ಯಾವ ಸರ್ಕಾರವೂ ಕೊಡುವುದಿಲ್ಲ. ರಜೆ ಹಾಕಿ, ಪಂಚೆ ಉಟ್ಟು, ಊರಿನ ಬೀಗನಾಗಿ ಬಂದಿದ್ದ.

ದೇಶನೂರಿನ ಬತ್ತಿದ ಕಾಲುವೆಯಲ್ಲಿ ಇದ್ದಕ್ಕಿದ್ದಂತೆ ನುಗ್ಗಿ ಬಂದ ನೀರು ಬಾಣಂತಿ ಜಂಬಮ್ಮನನ್ನು ಕೊಂದಿತ್ತು. ನೀರು ಬಿಟ್ಟವನು ತಾನೇ ಎಂದು ಊರಿನ ನೀರುಗಂಟಿ ಇಮಾಮಸಾಬ್ ಒಪ್ಪಿಕೊಂಡಿದ್ದ. ಸಂಜೆಯ ಬಸ್ಸಿಗೆ ಅವನನ್ನು ಬಳ್ಳಾರಿಯ ಜೈಲಿಗೆ ಸಾಗಿಸುವುದೆಂದು ತೀರ್ಮಾನವಾಗಿತ್ತು.

“ತೂಬಿನ ಹತ್ರಾನ ಇದ್ದೆ ಬೀಗರ. ಹಲಗಿ ಎತ್ತಿದಾವ ನಾನ.”

“ಹಂಗಾದ್ರ ದಾಟಿನ್ಯಾಗ ನನ್ನ ಮಗಳ ಹೆಣ ತೊಡಿಮ್ಯಾಲ ಇಟ್ಕೊಂಡು ಕುಂತಿದ್ದಾವ ಯಾರು?”

“ಅದೂ ನಾನ.”

“ಹೆಂಗ ಬಂದಿ?”

“ಓಡಿ ಬಂದೆ.”

ದುರುಗಣ್ಣ ಮುದುಕನ ಮೊಣಕಾಲು ನೋಡಿದ. ಎಕ್ಕದ ಎಲೆ ಕಟ್ಟಿ ಬಟ್ಟೆ ಸುತ್ತಿದ್ದರೂ ಸೋರೆಬುರುಡೆಯಂತೆ ಊದಿಕೊಂಡಿದ್ದು ಕಾಣುತ್ತಿತ್ತು. ಹಿತ್ತಲಿಗೆ ಹೋಗಿಬರಲೂ ಪೇದೆ ಪಾಲಯ್ಯನ ಹೆಗಲು ಬೇಕಾಗಿದ್ದ ಕಾಲು ಅದು. ಆ ಕಾಲು ನೀರಿಗಿಂತ ಮುಂದೆ ಓಡಿತೇ?

“ಮುಂಚೆ ಕೂಗಿದ್ಯಾ?”

“ಕೂಗಿದೆ.”

“ಊರಾಗ ಯಾರೂ ಕೇಳಿಲ್ಲ. ಗದ್ಯಾಗ ಕಳೆ ತಗಿಯೋ ಹೆಣಮಕ್ಕಳೂ ಕೇಳಿಲ್ಲ. ನಿನ್ನ ದನಿ ಆಚಿ ಊರು ರಾರಾವಿತನ ಹೋಗತೈತಿ ಅಂತಾರ. ಅವತ್ತು ಎಲ್ಲಿ ಹೋಗಿತ್ತು?”

ಮುದುಕ ಮೊಣಕಾಲಿನ ಬಟ್ಟೆ ಬಿಗಿದುಕೊಂಡ. ಅವನು ತೂಬು ಎತ್ತುವ ಮುಂಚೆ ದಂಡೆಯ ಮೇಲೆ ನಿಂತು “ಗಂಗಮ್ಮ ಬಂದಳೋ, ಸರೀರೋ” ಎಂದು ಕೂಗುವುದು ದೇಶನೂರಿನ ದನಕರುಗಳಿಗೂ ಗೊತ್ತಿತ್ತು. ಆ ಕೂಗಿಗೆ ಎಮ್ಮೆಗಳು ತಾವಾಗಿ ಎದ್ದು ದಂಡೆ ಹತ್ತುತ್ತಿದ್ದವು. ಜ್ವರದಲ್ಲಿದ್ದಾಗಲೂ ಕೂಗದೆ ಎತ್ತಿದವನಲ್ಲ.

ಬಾಗಿಲ ಹತ್ತಿರ ನಿಂತಿದ್ದ ಪಾಲಯ್ಯ ನಡುವೆ ಬಾಯಿ ಹಾಕಿದ. “ಇವನಿಗಿ ಕೂಗೋದು ಯಾಕ ಬೇಕ್ರಿ? ಆ ಚಿತ್ರ ನೋಡ್ರಿಲ್ಲಿ, ಕೈ ಚಾಚಿದ್ರ ಸಾಕು.”

ಗೋಡೆಗೆ ಅಂಟಿಸಿದ್ದ ಕಾಗದ ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ವಾರಪತ್ರಿಕೆಯದು. ಚೌಕ ಚೌಕವಾಗಿ ಗೆರೆ ಎಳೆದು ಬಿಡಿಸುವ ಚಿತ್ರಕಥೆ. ಅದರ ರಾಕ್ಷಸ ಜಲಕಂಟಕ. ಉದ್ದ ಗಡ್ಡ, ಕೆಂಪು ಕಣ್ಣು, ಹತ್ತೂ ಬೆರಳುಗಳಿಂದ ತೆರೆ ಚಿಮ್ಮುತ್ತಿತ್ತು. ನಿಲ್ಲೆಂದರೆ ಹೊಳೆ ನಿಲ್ಲುತ್ತದೆ, ನಡೆಯೆಂದರೆ ಊರು ತೇಲುತ್ತದೆ. ಓದಲು ಬಾರದವರೂ ಚಹದಂಗಡಿಯಲ್ಲಿ ಅದನ್ನು ಬಿಡಿಸಿ ನೋಡುತ್ತಿದ್ದರು. ಜಂಬಮ್ಮ ಸತ್ತ ಮೇಲೆ ಯಾರೋ ಆ ಗಡ್ಡದ ಮುಖದ ಕೆಳಗೆ ಇದ್ದಿಲಿನಲ್ಲಿ ‘ಸಾಬ’ ಎಂದು ಗೀಚಿದ್ದರು.

“ಜಲಕಂಟಕ ಅಂತ ಜಲಕಂಟಕ!” ಪಾಲಯ್ಯ ನಕ್ಕ. “ಗಿಲಾಸಿನ್ಯಾಗ ನೀರು ಕೊಟ್ರ ಮೂಗಿಗೇರಿ ಕೆಮ್ಮತಾನ. ಆದ್ರೂ ನಮ್ಮ ಮಂದಿ ತಂಬಿಗಿ ತುಂಬ ಕೊಡಾಕ ಅಂಜತಾರ ನೋಡ್ರಿ. ಠಾಣೆ ತೇಲಿಬಿಟ್ಟೀತು ಅಂತ.”

ದುರುಗಣ್ಣನಿಗೆ ನಗು ಬರಲಿಲ್ಲ. ಪಾಲಯ್ಯನೂ ಸತ್ತವಳು ಯಾರೆಂಬುದು ನೆನಪಾಗಿ ಬಾಯಿ ಒರೆಸಿಕೊಂಡು ಹೊರಗೆ ಹೋದ.

“ಕಂಬಳಿ ಎಲ್ಲೈತಿ?” ದುರುಗಣ್ಣ ಮೆಲ್ಲಗೆ ಕೇಳಿದ.

ಆಗ ಇಮಾಮಸಾಬನ ತಲೆ ಎದ್ದಿತು.

ದೇಶನೂರಿನ ರುದ್ರಭೂಮಿ ಕಾಲುವೆಯ ಆಚೆಯ ದಂಡೆಯಲ್ಲಿದೆ. ಹೆಣ ಹರಿಯುವ ನೀರನ್ನು ದಾಟಬಾರದು ಎಂಬುದು ಊರು ಕಟ್ಟಿದಂದಿನ ನೇಮ. ಮೇಲ್ಗಡೆ ಕಲ್ಲಿನ ಸೇತುವೆ ಇದ್ದರೂ ಹೆಣವನ್ನು ಅದರ ಮೇಲೆ ಒಯ್ಯುವುದಿಲ್ಲ. ನೀರುಗಂಟಿ ಮೇಲೆ ತೂಬಿನ ಹಲಗೆ ಇಳಿಸಿ ನೀರು ತಡೆಯುತ್ತಾನೆ. ಕೆಳಗೆ, ಹೆಣ ಕಾಲುವೆ ದಾಟುವ ಜಾಗವಾದ ದಾಟಿನಲ್ಲಿ, ನೆಟ್ಟ ಎತ್ತರದ ಗಳಕ್ಕೆ ಕರಿಕಂಬಳಿ ಹಾಕುತ್ತಾನೆ. ಕಂಬಳಿ ಗಳದ ಮೇಲಿದ್ದಷ್ಟು ಹೊತ್ತು, ಗದ್ದೆ ಬಿರಿದು ಹೋಗುತ್ತಿದ್ದರೂ ತೂಬಿಗೆ ಯಾರೂ ಕೈ ಹಚ್ಚುವಂತಿಲ್ಲ. ಮಣ್ಣು ಮಾಡಿ ಬಂದವರೆಲ್ಲ ದಾಟಿದರೆಂದು ಖಾತ್ರಿಯಾದ ಮೇಲೆ ನೀರುಗಂಟಿ ತಾನೇ ಕಂಬಳಿ ಇಳಿಸಿ, ತೂಬಿಗೆ ನಡೆದುಹೋಗಿ ಹಲಗೆ ಎತ್ತುತ್ತಾನೆ.

ಅವತ್ತು ದಾಟಿದ್ದು ಜಂಬಮ್ಮನ ಹಸುಗೂಸು. ಹೆಸರಿಡುವ ಮುಂಚೆಯೇ ಕಣ್ಣು ಮುಚ್ಚಿತ್ತು. ಅಂಥ ಕೂಸಿನ ಮಣ್ಣಿಗೆ ಹಡೆದವಳು ಹೋಗುವಂತಿಲ್ಲ. ಗಂಡಸರು ನಾಲ್ಕು ಜನ ಹೋಗಿ ಹೂತು, ತಿರುಗಿ ನೋಡದೆ ಬಂದರು. ಆಮೇಲೆ, ಬಾಣಂತಿ ಕೋಣೆಯಿಂದ ಜಂಬಮ್ಮ ಯಾರ ಕಣ್ಣಿಗೂ ಬೀಳದೆ ಎದ್ದು ಹೋಗಿದ್ದಳು. ಅವಳ ಹೆಣ ಸಿಕ್ಕಿತು. ಗಳದ ಮೇಲಿನ ಕಂಬಳಿ ಸಿಗಲಿಲ್ಲ.

“ಬೀಗರ,” ಮುದುಕ ಕಂಬಿಯ ಹತ್ತಿರ ತೆವಳಿಕೊಂಡು ಬಂದ. “ಕಂಬಳಿ ಹುಡುಕಬ್ಯಾಡ್ರಿ. ನನ್ನ ಗಲ್ಲಿಗಿ ಹಾಕಿಸ್ರಿ, ಬ್ಯಾಡ ಅನ್ನಂಗಿಲ್ಲ. ನಿಮ್ಮ ಕಾಲ ಬೀಳತೀನಿ, ಅದೊಂದು ಹುಡುಕಬ್ಯಾಡ್ರಿ.”

ಕಳ್ಳರನ್ನು ಹಿಡಿದು ಹಿಡಿದು ತಲೆ ಬೆಳ್ಳಗಾದ ದುರುಗಣ್ಣ, ತಪ್ಪಿಸಿಕೊಳ್ಳಲು ಬೇಡುವವರನ್ನು ಕಂಡಿದ್ದ. ಗಲ್ಲಿಗೆ ಹಾಕಿಸಿ ಎಂದು ಬೇಡುವವನನ್ನು ಇದೇ ಮೊದಲು ಕಂಡದ್ದು.

*

ಎತ್ತಿನ ಬಂಡಿಯೊಂದು ದೇಶನೂರಿನ ಕಡೆ ಹೊರಟಿತ್ತು. ದುರುಗಣ್ಣ ಅದರ ಹಿಂದೆ ಕಾಲು ಇಳಿಬಿಟ್ಟು ಕುಳಿತ. ಎರಡೂ ಕಡೆ ಹಸಿರು ಭತ್ತ, ನಡುವೆ ಹರಿಯುವ ನೀರು. ಅದರ ಸಪ್ಪಳ ಕೇಳಬಾರದೆಂದು ಬಂಡಿಯವನ ಜತೆ ಎತ್ತಿನ ಹಲ್ಲಿನ ಮಾತು ತೆಗೆದ. ಮಾತು ಬಹಳ ದೂರ ಹೋಗಲಿಲ್ಲ.

ಕುರುಗೋಡಿನ ಗುಡ್ಡದ ಬುಡದಲ್ಲಿ ಬೆಳೆದ ಹುಡುಗಿ ಜಂಬಮ್ಮ. ಅಲ್ಲಿ ಒಂದು ಕೊಡ ನೀರಿಗೆ ಬಾವಿಯ ಮೆಟ್ಟಿಲಿಳಿದು ಕಾಯಬೇಕು. “ಅಪ್ಪಾ, ಆ ಊರಾಗ ನೀರು ಮನಿ ಮುಂದ ಹರಿತೈತಂತ. ನಾ ಅಲ್ಲಿಗೇ ಹೋಗಾಕಿ,” ಎಂದು ಗಂಡಿಗಿಂತ ಮೊದಲು ನೀರನ್ನು ಒಪ್ಪಿದವಳು. ಮದುವೆಯ ಮೊದಲ ವರ್ಷ ತವರಿಗೆ ಬಂದಾಗೆಲ್ಲ ಕಾಲುವೆಯದೇ ಮಾತು. ಅವಳಮ್ಮ, “ಗಂಡನ ಹೆಸರು ಹೇಳ ಅಂದ್ರ ಕಾಲಿವಿ ಹೆಸರು ಹೇಳತಾಳ,” ಎಂದು ನಗುತ್ತಿದ್ದಳು. ಈಗ ಆ ತಾಯಿ ಕುರುಗೋಡಿನಲ್ಲಿ ಕೊಡ ಎತ್ತುತ್ತಿಲ್ಲ. ನೀರು ಕಂಡರೆ ಮುಖ ತಿರುಗಿಸುತ್ತಾಳೆ.

ತೂಬಿನ ಪಕ್ಕದಲ್ಲೇ ಇಮಾಮಸಾಬನ ಮನೆ. ಹೆಂಚು ಒಡೆದಿತ್ತು, ಅಂಗಳದಲ್ಲಿ ಕಲ್ಲು ಬಿದ್ದಿದ್ದವು. ಮಗಳು ರಜಿಯಾ ಬಾಗಿಲು ಅರ್ಧ ತೆರೆದು, ಬಂದವನು ಯಾರೆಂದು ನೋಡಿ, ಪೂರ್ತಿ ತೆರೆದಳು. ಜಂಬಮ್ಮನ ಓರಗೆಯವಳು. ಅವಳ ಕಣ್ಣು ಕೆಂಪಾಗಿತ್ತು.

“ಕುಡ್ಯಾಕ ನೀರು ಕೊಡವ್ವ,” ಎಂದ.

ಅವಳು ತಂಬಿಗೆ ಹಿಡಿದು ನಿಂತಳೇ ಹೊರತು ಕೊಡಲಿಲ್ಲ. “ನಮ್ಮನಿ ನೀರು ಯಾರೂ ಮುಟ್ಟವಲ್ರು ಕಾಕಾ. ನೀವು ಕುಡಿತೀರಿ?”

ಅವನು ತಂಬಿಗೆ ಇಸಕೊಂಡು ಕುಡಿದ. ಖಾಲಿ ಮಾಡಿ ಅವಳ ಕೈಗೆ ಕೊಟ್ಟ.

“ಅವತ್ತು ನೀ ಎಲ್ಲಿದ್ದಿ?”

“ಮನ್ಯಾಗಿದ್ದೆ. ರೊಟ್ಟಿ ಮಾಡಾಕ ಹತ್ತಿದ್ದೆ. ಹೊರಗ ಬರಲಿಲ್ಲ. ಏನೂ ನೋಡಲಿಲ್ಲ.”

ಸಾಲೆಯ ಮಕ್ಕಳು ಮಗ್ಗಿ ಒಪ್ಪಿಸಿದಂತೆ ಬಂತು ಉತ್ತರ. ಅವನು ಬಾಗಿಲಲ್ಲಿ ನಿಂತು ಕೆಳಗೆ ನೋಡಿದ. ಕಾಲುವೆಯ ತಿರುವು ದಾಟಿ, ಸಾಮಾನ್ಯರ ಕೂಗು ಕೇಳದಷ್ಟು ದೂರದಲ್ಲಿ, ದಾಟಿನ ಗಳ ನೆಟ್ಟಗೆ ಕಾಣುತ್ತಿತ್ತು. ಅದರ ತುದಿಯಲ್ಲಿ ಬಣ್ಣ ಬಣ್ಣದ ಏನೋ ಜೋತಾಡುತ್ತಿತ್ತು.

“ಏನದು?”

“ಕೌದಿ.” ರಜಿಯಾ ತುಟಿ ಕಚ್ಚಿದಳು. “ಜಂಬಕ್ಕನ್ನ ದಾಟಿಸುವಾಗ ಕಂಬಳಿ ಇರಲಿಲ್ಲ. ಅಪ್ಪನ್ನ ಒಯ್ದಿದ್ರು. ನಾನ ತೂಬು ಮುಚ್ಚಿ, ಹಾಸಿಗಿ ಕೌದಿ ಒಯ್ದು ಹಾಕ್ರಿ ಅಂತ ಕೊಟ್ಟೆ. ಅದನ್ನ ವಾಪಸ್ ಇಳಿಸಾಕ ಯಾರೂ ಬರವಲ್ರು, ನನ್ನೂ ಬಿಡವಲ್ರು. ಕಡೀಗಿ ಗದ್ದಿ ಒಣಗ್ತಾವ ಅಂತ ಊರವರ ಬಂದು ಹಲಗಿ ಎತ್ಕೊಂಡ್ರು.”

“ನಿನಗ ತೂಬು ಮುಚ್ಚಾಕ ಬರತೈತಿ?”

“ಮುಚ್ಚಾಕ ಬರತೈತಿ,” ಎಂದವಳು ಒಳಗೆ ಹೋಗಿ ಖಾಲಿ ತಂಬಿಗೆಯನ್ನು ತೊಳೆಯತೊಡಗಿದಳು. ತೊಳೆದದ್ದನ್ನೇ ತೊಳೆದಳು.

“ಆಕೀ ಕೂಸಿಗಿ ಕುಂಚಿಗಿ ನಾನ ಹೊಲದಿದ್ದೆ ಕಾಕಾ. ಕೆಂಪು ಅರಿವೀದು. ಅದನ್ನ ಹಾಕೇ ಹೂತಾರಂತ.” ಬೆನ್ನು ತಿರುಗಿಸಿಯೇ ಹೇಳಿದಳು. ತಂಬಿಗೆ ಬೋರಲು ಹಾಕಿ, “ಜಡೆಪ್ಪಣ್ಣ ದಿನಾ ಬಿಸಿಲು ಇಳಿಯೋ ಹೊತ್ತಿಗಿ ಆಕಡಿ ದಂಡಿಗಿ ಹೋಗತಾನ. ಮತ್ತ್ಯಾರನ್ನೂ ಹೋಗಗೊಡಂಗಿಲ್ಲ. ಸೂತಕ ಕಳೀಲಿ ಅಂತಾನ.”

ಜಡೆಪ್ಪ ದುರುಗಣ್ಣನ ಅಳಿಯ. ಇಮಾಮಸಾಬನ ಮೇಲೆ ಮೊದಲು ಬೊಟ್ಟು ಮಾಡಿ ತೋರಿಸಿದವನೂ ಅವನೇ. ನೀರಿನ ಸರದಿಗಾಗಿ ಇಬ್ಬರಿಗೂ ಹಿಂದಿನಿಂದ ಜಗಳವಿತ್ತು. ಗದ್ದೆಯ ಆಸೆಗೆ ಅವನೇ ಅವಸರ ಮಾಡಿ ಗಳದ ಕಂಬಳಿ ಇಳಿಸಿ, ಎಲ್ಲೋ ಹೂತುಬಿಟ್ಟಿದ್ದರೆ? ಬಂಡಿಯಲ್ಲಿ ಬರುವಾಗಲೇ ಈ ಸಂಶಯ ದುರುಗಣ್ಣನ ಎದೆಯಲ್ಲಿ ಮುಳ್ಳಿನಂತೆ ನಾಟಿತ್ತು. ಈಗ ಅದು ಇನ್ನಷ್ಟು ಒಳಗಿಳಿಯಿತು.

ಹೊರಡುವಾಗ ರಜಿಯಾ ಅಂಗಳದವರೆಗೆ ಬಂದಳು. “ನಮ್ಮಪ್ಪನ್ನ ಬಿಡಿಸ್ತೀರಿ ಕಾಕಾ?”

“ಖರೇ ಏನಂತ ಸಿಕ್ರ ಬಿಡಿಸ್ತೀನಿ.”

ಅವಳು ಗೋಣು ಆಡಿಸಿದಳು. ಆ ಮಾತಿಗೆ ಅವಳ ಮುಖ ಗೆಲುವಾಗಬೇಕಿತ್ತು. ಆಗಲಿಲ್ಲ.

*

ದುರುಗಣ್ಣ ಕಲ್ಲಿನ ಸೇತುವೆ ದಾಟಿ ದಂಡೆ ಹಿಡಿದು ನಡೆದ. ರುದ್ರಭೂಮಿಯಲ್ಲಿ ಮೊದಲು ಸಿಕ್ಕಿದ್ದು ಮಗಳ ಮಣ್ಣು. ಇನ್ನೂ ಹಸಿ ಆರಿರಲಿಲ್ಲ. ಅವನು ಕೂರಲಿಲ್ಲ, ಕೂತರೆ ಏಳಲಾಗದು ಎಂದು ಗೊತ್ತಿತ್ತು. ಬಾಗಿ ಒಂದು ಹೆಂಟೆ ಒಡೆದು ಪುಡಿ ಮಾಡಿ, ಅಲ್ಲಿಯೇ ಸವರಿ, ಮುಂದೆ ಹೋದ.

ಆಚೆ ಜಾಲಿಮರದ ಬುಡದಲ್ಲಿ ನರಿ ಬಗೆಯದಂತೆ ಮುಳ್ಳು ಒಟ್ಟಿದ್ದರು. ಮುಳ್ಳಿನ ಪಕ್ಕ ಜಡೆಪ್ಪ ಕುಳಿತಿದ್ದ. ಮಾವನನ್ನು ಕಂಡವನೇ ಎದ್ದು ಅಡ್ಡ ನಿಂತ.

“ಇಲ್ಲಿಗ್ಯಾಕ ಬಂದ್ರಿ ಮಾವ? ಮನಿಗಿ ನಡೀರಿ.”

“ಮೊಮ್ಮಗನ್ನ ನೋಡಾಕ ಬಂದೆ.”

“ಏನು ನೋಡತೀರಿ, ಮುಳ್ಳು?”

“ಮುಳ್ಳು ಸರಸು.”

“ಸೂತಕ ಐತಿ ಮಾವ.”

“ಸೂತಕ ನನಗೂ ಐತಿ. ಸರಸಲೇ ಜಡ್ಯಾ.”

ಹಾಗೆ ಅವನು ಅಳಿಯನನ್ನು ಎಂದೂ ಕರೆದಿರಲಿಲ್ಲ. ಜಡೆಪ್ಪ ಕದಲಲಿಲ್ಲ. ದುರುಗಣ್ಣ ಅವನ ರೆಟ್ಟೆ ಹಿಡಿದ. ಜಡೆಪ್ಪ ಕೊಸರಿದ. ಒಬ್ಬನು ಮಗನನ್ನು, ಹೆಂಡತಿಯನ್ನು ಕಳೆದುಕೊಂಡವನು. ಇನ್ನೊಬ್ಬನು ಮಗಳನ್ನು, ಮೊಮ್ಮಗನನ್ನು. ಇಬ್ಬರೂ ಏದುಸಿರು ಬಿಡುತ್ತ ಎಳೆದಾಡಿದರು. ಕೊನೆಗೆ ಸೋತವರು ಯಾರೆಂದು ಹೇಳಲು ಬರುವಂತಿರಲಿಲ್ಲ. ಜಡೆಪ್ಪ ಕುಸಿದು ಕುಳಿತ, ದುರುಗಣ್ಣ ಬರಿಗೈಯಲ್ಲಿ ಮುಳ್ಳು ಎಳೆದ.

ಗೇಣು ಮಣ್ಣಿನ ಮೇಲೆ ಕರಿಕಂಬಳಿ ಹಾಸಿತ್ತು.

ಬಿಸಾಡಿದ್ದಲ್ಲ, ಬಚ್ಚಿಟ್ಟದ್ದೂ ಅಲ್ಲ. ತಲೆಯ ಕಡೆ ಮಡಿಚಿ ಎರಡು ಪದರ ಮಾಡಿತ್ತು. ಅಂಚುಗಳನ್ನು ಒಳಕ್ಕೆ ಒತ್ತಿ ಒತ್ತಿ ಸಿಗಿಸಿತ್ತು. ಮಲಗಿದ ಕೂಸು ಹೊರಳಿ ಹೊದಿಕೆ ಜಾರಿಸೀತೆಂದು ತಾಯಂದಿರು ಹಾಗೆ ಸಿಗಿಸುತ್ತಾರೆ.

ದುರುಗಣ್ಣನಿಗೆ ಕೇಳಬೇಕಾದ ಪ್ರಶ್ನೆಗಳೆಲ್ಲ ಮರೆತುಹೋದವು.

“ಮರುದಿನ ನೋಡಿದೆ,” ಜಡೆಪ್ಪ ನೆಲ ನೋಡುತ್ತ ಹೇಳಿದ. “ಆಕೀನ ತಂದು ಹೊದಿಸ್ಯಾಳ. ಕೂಸು ಹೋದಾಗಿನಿಂದ ಅದನ್ನ ಹೇಳತಿದ್ಲು. ತಣ್ಣನ ಮಣ್ಣಾಗ ಮಲಗಿಸಿ ಬಂದ್ರಿ, ಒಂದು ಅರಿವೀನಾದ್ರೂ ಹಚ್ಚಿದ್ರೋ ಇಲ್ಲೋ ಅಂತ. ನಾ ಸಿಟ್ಟಿಗೆದ್ದು, ಸತ್ತ ಕೂಸಿಗಿ ಥಂಡಿ ಯಾಕಾಗತೈತಿ ಅಂದೆ. ಹಂಗಂದಿದ್ದ ನೋಡ್ರಿ ಕಡೀ ಮಾತು.”

“ಮತ್ತ ಊರಿಗಿ ಯಾಕ ಹೇಳಲಿಲ್ಲ?”

“ಏನಂತ ಹೇಳ್ಲಿ? ಕಂಬಳಿ ಇಳಿಸಿದ್ರ ನೀರು ಬರತೈತಿ ಅಂತ ಆಕೀಗಿ ಗೊತ್ತಿರಲಿಲ್ಲೇನು? ಗೊತ್ತಿದ್ದೂ ತಗದ್ಲು ಅಂದ್ರ, ಬೇಕಂತ ಸತ್ಲು ಅಂತಾರ. ಬಾವಿ ಬಿದ್ದಾಕಿ, ಕಾಲಿವಿ ಬಿದ್ದಾಕಿ ಅಂತ ಆಕೀ ಹೆಸರು ಎತ್ತಂಗಿಲ್ಲ, ಎಡಿ ಇಡಂಗಿಲ್ಲ. ಸಾಬಗ ಜಲಕಂಟಕ ಅಂತ ಮಂದಿ ಆಗಲೇ ಅಂತಿದ್ರು. ಆಗ್ಲಿ ಬಿಡು ಅಂದೆ. ಅವನೂ ಒಪ್ಕೊಂಡ.” ಅವನು ಕಂಬಳಿಯ ಕಡೆ ಬೊಟ್ಟು ಮಾಡಿದ. “ನೀವು ಪೋಲಿಸರು. ನಿಮಗ ಸಾಕ್ಷಿ ಬೇಕಲ್ಲ? ತಗೊಂಡು ಹೋಗ್ರಿ ಕಂಬಳಿ. ದಿನಾ ಬರತೀನಿ, ಎಳಕೊಂಡು ಹೋಗಿ ಸುಟ್ಟುಬಿಡಬೇಕು ಅಂತ. ನನ್ನ ಕೈ ಏಳವಲ್ದು. ನೀವ ತಗೀರಿ.”

ದುರುಗಣ್ಣ ಬಾಗಿದ. ಕಂಬಳಿಯ ತುದಿಗೆ ಕೈ ಹಚ್ಚಿದ. ಅವನ ಕೈಯೂ ಏಳಲಿಲ್ಲ.

ಹಾಗೇ ಬಾಗಿದ್ದವನು, ತಲೆ ತಿರುಗಿಸಿ ಕಾಲುವೆಯ ಕಡೆ ನೋಡಿದ. ಗಳದ ತುದಿಯಲ್ಲಿ ಕೌದಿ ಗಾಳಿಗೆ ಹಾರುತ್ತಿತ್ತು. ದೂರದ ತೂಬಿಗೂ ಕಾಣಲೆಂದು ಹಾಕಿದ್ದ ಎತ್ತರ. ಜಂಬಮ್ಮ ಅವನ ಎದೆಯವರೆಗೆ ಬರುತ್ತಿದ್ದವಳು. ನೆಲುವಿನ ಗಡಿಗೆಗೂ ಒರಳುಕಲ್ಲು ಹತ್ತುತ್ತಿದ್ದವಳು. ಹಡೆದ ಮೈ. ಗಳ ಹತ್ತಿಯಾಳೇ?

“ಜಡೆಪ್ಪಾ, ಆ ಗಳದ ತುದಿ ನಿನಗ ಎಟುಕತೈತೇನು?”

“ನನಗ ಎಟುಕಂಗಿಲ್ಲ. ಸಾಬ ಕೊಕ್ಕಿಕೋಲು ಇಟ್ಕೊಂಡಿರತಾನ. ಅದರಾಗ ಹಾಕತಾನ, ಅದರಾಗ ಇಳಸತಾನ.”

ಮಾತು ಬಾಯಿಂದ ಹೊರಬಿದ್ದ ಮೇಲೆ ಜಡೆಪ್ಪನಿಗೂ ಅದು ಕೇಳಿಸಿತು. ಅವನು ಮೆಲ್ಲಗೆ ಎದ್ದು ನಿಂತ.

ದುರುಗಣ್ಣನ ಕಣ್ಣ ಮುಂದೆ ಅದು ನಡೆದಂತೆ ಕಂಡಿತು. ಮಣ್ಣಿಗೆ ಹೋದವರೆಲ್ಲ ದಾಟಿ ಮನೆಗೆ ಹೋಗಿದ್ದಾರೆ. ಮುದುಕ ಕಂಬಳಿ ಇಳಿಸಬೇಕೆಂದು ಕೊಕ್ಕಿಕೋಲು ಹಿಡಿದು ದಾಟಿಗೆ ಬಂದಿದ್ದಾನೆ. ಆಗ ಬಾಣಂತಿ ಎದುರಿಗೆ ಬಂದು ಸೆರಗು ಒಡ್ಡುತ್ತಾಳೆ. ಕೂಸಿಗೆ ಥಂಡಿ ಕಾಕಾ, ಅದನ್ನ ಕೊಡು. ಇಲ್ಲವೆನ್ನಲು ಅವನಿಂದ ಆಗಿಲ್ಲ. ತೂಬು ಎತ್ತುವವನು ತಾನೇ ಅಲ್ಲವೇ, ತಾನು ಇಲ್ಲೇ ಇದ್ದೇನೆ, ನೀರೆಲ್ಲಿಂದ ಬಂದೀತು? ಹೊದಿಸಿ ಬಾರವ್ವ, ಕಾಯ್ತೀನಿ, ಎಂದಿದ್ದಾನೆ. ಅವಳು ಹೊದಿಸಿದ್ದಾಳೆ. ತಿರುಗಿ ಕಾಲುವೆಗೆ ಇಳಿದಿದ್ದಾಳೆ.

ಹೊಳೆಯನ್ನೇ ಆಳುವ ರಾಕ್ಷಸನೆಂದು ಹೆಸರು ಹೊತ್ತ ಮನುಷ್ಯ, ನೊರೆ ಕಾರುತ್ತ ಬಂದ ಮುಂದಲ ನೀರಿಗೆ ಊದಿದ ಕಾಲಿನಲ್ಲಿ ಧುಮುಕಿ, ಅವಳನ್ನು ಎಳೆದು ದಂಡೆಗೆ ಹಾಕುವ ಹೊತ್ತಿಗೆ ಅವಳ ಉಸಿರು ನಿಂತಿತ್ತು.

ಅವನು ನಿರಪರಾಧಿ. ಸಾಕ್ಷಿ ಇಲ್ಲೇ, ಕೈಯ ಕೆಳಗೇ ಇದೆ. ಬಸ್ಸು ಹೊರಡುವುದರೊಳಗೆ ಸಿರುಗುಪ್ಪಕ್ಕೆ ಮುಟ್ಟಿದರೆ ಸಾಕು. ಮಗಳಿಗೂ ಬೇಕಂತ ಸತ್ತವಳೆಂಬ ಹೆಸರು ಬರುವುದಿಲ್ಲ.

“ಸಾಬ ದಾಟಿನ್ಯಾಗ ಇದ್ದ,” ಜಡೆಪ್ಪ ತನಗೆ ತಾನೇ ಹೇಳಿಕೊಳ್ಳುವಂತೆ ಹೇಳಿದ. ಅವನ ಮುಖದ ದುಃಖದೊಳಗಿಂದ ಬೇರೊಂದು ಏಳುತ್ತಿತ್ತು. “ಆಕೀ ಸಂಗಾಟ ಇದ್ದ. ಹಂಗಾದ್ರ ತೂಬಿನ್ಯಾಗ ಯಾರಿದ್ರು ಮಾವ? ಕೂಗದ ಕರಿಯದ ಹಲಗಿ ಎತ್ತಿದವ್ರು ಯಾರು?”

ದುರುಗಣ್ಣ ದೂರದ ತೂಬಿನ ಪಕ್ಕದ ಮನೆಯ ಕಡೆ ನೋಡಿದ. ಕೊಡಬೇಕಾದ ಉತ್ತರ ಅವನಿಗೆ ಆಗಲೇ ಸಿಕ್ಕಿತ್ತು. ಅಪ್ಪನ ಮೊಣಕಾಲಿಗೆ ಒಂದು ಸಲದ ನಡಿಗೆ ಉಳಿಯಲೆಂದು, ಗಳ ಬರಿದಾದದ್ದು ಮನೆಯ ಬಾಗಿಲಿನಿಂದ ನೋಡಿ, ಎಲ್ಲರೂ ದಾಟಿದರೆಂದುಕೊಂಡು ಎತ್ತಿದ ಕೈ ಅದು. ದಂಡೆಯ ಮೇಲೆ ನಿಂತು ಹೆಣ್ಣುಮಗಳು ಕೂಗುವ ರೂಢಿ ಆ ಊರಲ್ಲಿ ಇಲ್ಲ. ಮುದುಕ ಗಲ್ಲು ಬೇಡಿದ್ದು ಆ ಕೈಗಾಗಿ.

ಹಿಂದೆ ಒಣ ಎಲೆಯ ಸಪ್ಪಳವಾಯಿತು.

ಜಾಲಿಗಿಡಗಳ ನಡುವೆ ರಜಿಯಾ ಬಂದು ನಿಂತಿದ್ದಳು. ಸೇತುವೆಯಿಂದ ಓಡಿಯೇ ಬಂದಿರಬೇಕು, ಬರಿಗಾಲಿಗೆ ಮುಳ್ಳು ತರಚಿತ್ತು. ಅವಳ ಕಣ್ಣು ಮಣ್ಣಿನ ಮೇಲಿನ ಕಂಬಳಿಯ ಮೇಲೆ ಬಿತ್ತು. ಅದು ಅಲ್ಲಿಗೆ ಹೇಗೆ ಬಂತೆಂದು ಅವಳಿಗೆ ಆವರೆಗೆ ತಿಳಿದಿರಲಿಲ್ಲ, ಈಗ ತಿಳಿಯಿತು. ಎದೆಯ ಮೇಲೆ ಕೈ ಇಟ್ಟುಕೊಂಡಳು.

“ಕಾಕಾ, ಖರೇ ಸಿಕ್ರ ಅಪ್ಪನ್ನ ಬಿಡಿಸ್ತೀನಿ ಅಂದ್ರಲ್ಲ?” ಅವಳು ಒಂದು ಹೆಜ್ಜೆ ಮುಂದೆ ಬಂದಳು. “ನಾ ಹೇಳತೀನಿ. ಅವತ್ತು ತೂಬಿನ್ಯಾಗ...”

“ಸುಮ್ಕಿರು!”

ಊರೂರು ತಿರುಗಿ ಜನರ ಬಾಯಿ ಬಿಡಿಸಿ ಕೂದಲು ನರೆಸಿಕೊಂಡ ದುರುಗಣ್ಣ, ಹುಟ್ಟಿದಾರಭ್ಯ ಮೊದಲ ಸಲ ಒಬ್ಬರ ಬಾಯಿ ಮುಚ್ಚಿಸಲು ಕೂಗಿದ್ದ. ಆ ದನಿಗೆ ಜಾಲಿಯ ಮೇಲಿನ ಹಕ್ಕಿಗಳು ಎದ್ದು ಹೋದವು.

ಜಡೆಪ್ಪ ಹುಡುಗಿಯನ್ನು ನೋಡಿದ, ಮಾವನನ್ನು ನೋಡಿದ. ಬಾಗಿ, ಮುಳ್ಳು ಕಡಿಯಲು ತಂದಿದ್ದ ಕುಡುಗೋಲನ್ನು ಕೈಗೆತ್ತಿಕೊಂಡ.

“ಯಾಕ ತಡೀತೀರಿ ಮಾವ?” ಅವನ ದನಿ ಬಹಳ ಮೆತ್ತಗಿತ್ತು. “ಆಕೀ ಏನೋ ಹೇಳಾಕ ಹತ್ಯಾಳ. ಹೇಳ್ಲಿ ಬಿಡ್ರಿ.”